ನಾಲ್ಕು ಗಾಲಿಗಳ ಹಿಡಿತ

ಕಾಲೇಜಿನಲ್ಲಿ ಕನ್ನಡ ಕಾವ್ಯ ಪಾಠ ಹೇಳಿ ನಿವೃತ್ತನಾದವನೊಬ್ಬ ಮೋಟಾರು ಪಂದ್ಯದ ಇತಿಹಾಸವನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ಕೊಂಚ ವಿಚಿತ್ರವೆನಿಸೀತು. ಆದರೆ ಗಾಲಿಗೂ ನಮ್ಮ ಕಾವ್ಯಗಳಿಗೂ ಹಳೆಯ ನಂಟುಂಟು. ಕುರುಕ್ಷೇತ್ರದಲ್ಲಿ ಕರ್ಣನ ತೋಳು ಸೋತಿರಲಿಲ್ಲ. ಅವನ ರಥದ ಗಾಲಿಯನ್ನು ನೆಲ ನುಂಗಿತು. ಆ ಪ್ರಸಂಗವನ್ನು ಪಾಠ ಹೇಳುವಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ವಿಚಾರ ಸುಳಿಯುತ್ತಿತ್ತು. ರಥಿಕನ ಪರಾಕ್ರಮ ಎಷ್ಟೇ ಇರಲಿ, ಸಾರಥಿಯ ಚಾತುರ್ಯ ಎಷ್ಟೇ ಇರಲಿ, ಕಡೆಗೆ ಎಲ್ಲವೂ ನಿಂತಿರುವುದು ಗಾಲಿ ನೆಲವನ್ನು ಮುಟ್ಟುವ ಆ ಸ್ವಲ್ಪ ಜಾಗದ ಮೇಲೆ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದು ಇಡೀ ಕ್ರೀಡೆ ಈ ಸಣ್ಣ ಸಂಗತಿಯಿಂದಾಗಿ ತಲೆಕೆಳಗಾಯಿತು. ಆ ಕ್ರೀಡೆಯ ಹೆಸರು ಮೋಟಾರು ರ‍್ಯಾಲಿ. ಅದನ್ನು ಬದಲಿಸಿದ್ದು ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿಯನ್ನು ಹಂಚುವ ಏರ್ಪಾಡು.

ಸುತ್ತುದಾರಿಯಲ್ಲಿ ಹಲವು ಕಾರುಗಳು ಒಟ್ಟಿಗೆ ನುಗ್ಗುವ ಪಂದ್ಯ ಬೇರೆ, ರ‍್ಯಾಲಿ ಬೇರೆ. ರ‍್ಯಾಲಿ ನಡೆಯುವುದು ಊರು, ಕಾಡು, ಗುಡ್ಡಗಳ ಸಾಮಾನ್ಯ ದಾರಿಗಳಲ್ಲಿ. ಮಾಂಟೆ ಕಾರ್ಲೊ ರ‍್ಯಾಲಿ 1911ರಲ್ಲಿಯೇ ಆರಂಭವಾಯಿತು. ಅಲ್ಲಿ ಆಲ್ಪ್ಸ್ ಪರ್ವತದ ಹಿಮ. ಫಿನ್‌ಲೆಂಡಿನಲ್ಲಿ ಕಾಡಿನ ನಡುವಣ ಜಲ್ಲಿದಾರಿ. ಕಾರ್ಸಿಕಾ ದ್ವೀಪದಲ್ಲಿ ಹತ್ತು ಸಾವಿರ ತಿರುವುಗಳೆಂದು ಹೆಸರಾದ ಟಾರು ರಸ್ತೆ. ಕೀನ್ಯಾದ ಸಫಾರಿ ರ‍್ಯಾಲಿಯಲ್ಲಿ ಧೂಳು, ಮಳೆ ಬಂದರೆ ಕೆಸರು. ಕಾರುಗಳು ಒಂದರ ಹಿಂದೊಂದು ನಿಮಿಷಗಳ ಅಂತರದಲ್ಲಿ ಹೊರಡುತ್ತವೆ. ಎದುರಾಳಿ ಕಣ್ಣಿಗೆ ಬೀಳುವುದು ಅಪರೂಪ, ಸ್ಪರ್ಧೆ ಗಡಿಯಾರದೊಡನೆ. ಚಾಲಕನ ಪಕ್ಕದಲ್ಲಿ ಇನ್ನೊಬ್ಬ ಕುಳಿತಿರುತ್ತಾನೆ. ಮುಂದಿನ ತಿರುವು ಯಾವ ಕಡೆಗೆ, ಎಷ್ಟು ಬಿಗಿ, ಅದರಾಚೆ ಏನಿದೆ ಎಂಬುದನ್ನು ಮೊದಲೇ ಬರೆದುಕೊಂಡ ಪುಸ್ತಕದಿಂದ ಅವನು ಓದುತ್ತಾ ಹೋಗುತ್ತಾನೆ. ನಮ್ಮಲ್ಲಿ ಗಮಕಿ ಕಾವ್ಯವನ್ನು ವಾಚಿಸಿದಂತೆ, ವ್ಯಾಖ್ಯಾನಕಾರ ಅದನ್ನು ವಿವರಿಸಿದಂತೆ, ಇಲ್ಲಿ ಒಬ್ಬ ದಾರಿಯನ್ನು ಓದುತ್ತಾನೆ, ಇನ್ನೊಬ್ಬ ಅದಕ್ಕೆ ಅರ್ಥ ಕೊಡುತ್ತಾನೆ. ಅರ್ಥ ತಪ್ಪಿದರೆ ಕಾರು ಕಂದಕದಲ್ಲಿ.

ಎತ್ತಿನ ಗಾಡಿಯಲ್ಲಿ ಎಳೆಯುವುದು ಎತ್ತು; ಗಾಲಿಯ ಕೆಲಸ ಉರುಳುವುದಷ್ಟೆ. ಮೋಟಾರಿನಲ್ಲಿ ಗಾಲಿಯೇ ಎತ್ತು. ಅದು ನೆಲವನ್ನು ಹಿಡಿದು ಹಿಂದಕ್ಕೆ ಒತ್ತಿದರೆ ವಾಹನ ಮುಂದಕ್ಕೆ ಹೋಗುತ್ತದೆ. ಆದರೆ ಬಹುಕಾಲ ಕಾರುಗಳಲ್ಲಿ ಎಳೆಯುವ ಗಾಲಿಗಳು ಎರಡೇ. ಹಿಂದಿನವೋ ಮುಂದಿನವೋ ಎರಡು ದುಡಿಯುತ್ತಿದ್ದವು, ಉಳಿದೆರಡು ಹಿಂಬಾಲಿಸುತ್ತಿದ್ದವು. ಒಳ್ಳೆಯ ರಸ್ತೆಯಲ್ಲಿ ಇದು ಸಾಕು. ಹಿಮ, ಕೆಸರು, ಸಡಿಲ ಜಲ್ಲಿಯ ಮೇಲೆ ಮಾತ್ರ ಎರಡು ಗಾಲಿ ಹಿಡಿಯಬಲ್ಲ ಶಕ್ತಿಗೆ ಒಂದು ಮಿತಿಯುಂಟು. ಅದಕ್ಕಿಂತ ಹೆಚ್ಚು ಶಕ್ತಿ ಕೊಟ್ಟರೆ ಗಾಲಿ ಇದ್ದಲ್ಲಿಯೇ ಗಿರ್ರನೆ ಸುತ್ತುತ್ತದೆ. ಎಂಜಿನ್ನು ಗರ್ಜಿಸುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಈ ಮಿತಿಯ ನಡುವೆಯೇ ಒಂದು ಕಲೆ ಬೆಳೆಯಿತು. ಸ್ವೀಡನ್, ಫಿನ್‌ಲೆಂಡ್‌ಗಳ ಚಾಲಕರು ಜಾರುವಿಕೆಯನ್ನೇ ವಿದ್ಯೆ ಮಾಡಿಕೊಂಡರು. ಬಲಕ್ಕೆ ತಿರುಗಬೇಕಾದರೆ ಮೊದಲು ಎಡಕ್ಕೆ ಒಮ್ಮೆ ಕಾರನ್ನು ತೂಗಿ, ಆ ತೂಗಿನ ಬಲದಿಂದಲೇ ಅದನ್ನು ಅಡ್ಡಲಾಗಿ ಜಾರಿಸಿ ತಿರುವನ್ನು ದಾಟುತ್ತಿದ್ದರು. 1964, 1965 ಮತ್ತು 1967ರಲ್ಲಿ ಮುಂದಿನ ಗಾಲಿಗಳಿಂದ ಎಳೆಯುವ ಪುಟ್ಟ ಮಿನಿ ಕೂಪರ್ ಕಾರುಗಳು ಮಾಂಟೆ ಕಾರ್ಲೊ ಗೆದ್ದವು. 1970ರ ದಶಕದಲ್ಲಿ ಫೋರ್ಡ್ ಎಸ್ಕಾರ್ಟ್, ಲಾನ್ಸಿಯಾ ಸ್ಟ್ರಾಟೋಸ್‌ಗಳಂಥ ಹಿಂಗಾಲಿ ಚಾಲನೆಯ ಕಾರುಗಳು ಮೆರೆದವು. ದಾರಿಬದಿಯ ಜನಕ್ಕೆ ಅಡ್ಡಡ್ಡಲಾಗಿ ಜಾರಿ ಬರುವ ಕಾರನ್ನು ನೋಡುವುದೇ ಹಬ್ಬವಾಗಿತ್ತು.

ಹಾಗಾದರೆ ನಾಲ್ಕು ಗಾಲಿಗಳಿಂದಲೂ ಎಳೆಯಬಹುದೆಂಬುದು ಯಾರಿಗೂ ತಿಳಿದಿರಲಿಲ್ಲವೆ? ತಿಳಿದಿತ್ತು. ಹಾಲೆಂಡಿನ ಸ್ಪೈಕರ್ ಸೋದರರು 1903ರಲ್ಲಿಯೇ ಅಂಥ ಕಾರನ್ನು ಕಟ್ಟಿದ್ದರು. 1961ರಲ್ಲಿ ಇಂಗ್ಲೆಂಡಿನ ಓಲ್ಟನ್ ಪಾರ್ಕಿನಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಹೆಸರಾಂತ ಚಾಲಕ ಫರ್ಗ್ಯುಸನ್ ಕಂಪೆನಿಯ ನಾಲ್ಕು ಗಾಲಿ ಚಾಲನೆಯ ಪಂದ್ಯದ ಕಾರಿನಲ್ಲಿ ಗೆದ್ದಿದ್ದ. ಎರಡನೆಯ ಮಹಾಯುದ್ಧದ ಜೀಪು ಲೋಕವಿಖ್ಯಾತವಾಯಿತು. ನಮ್ಮ ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಮಳೆಗಾಲದ ಏರುದಾರಿಯಲ್ಲಿ ಜೀಪಿನ ಡ್ರೈವರು ‘ಫೋರ್ ವೀಲ್ ಹಾಕು’ವುದನ್ನು ಕಂಡವರು ಅನೇಕರು. ಆದರೆ ಪಂದ್ಯದವರ ದೃಷ್ಟಿಯಲ್ಲಿ ಅದು ತೋಟಕ್ಕೂ ಸೈನ್ಯಕ್ಕೂ ಸರಿ. ಹೆಚ್ಚುವರಿ ಹಲ್ಲುಚಕ್ರಗಳ ಪೆಟ್ಟಿಗೆ, ದಂಡಗಳು, ಅವುಗಳ ಭಾರ, ಅವುಗಳಲ್ಲಿ ಸೋರಿಹೋಗುವ ಶಕ್ತಿ, ಇವೆಲ್ಲ ಕೂಡಿದರೆ ಹಿಡಿತದಿಂದ ಬಂದ ಲಾಭವೆಲ್ಲ ಕರಗಿಹೋಗುವುದೆಂದು ಅವರು ನಂಬಿದ್ದರು. ರ‍್ಯಾಲಿಯ ನಿಯಮಗಳೂ ಅದಕ್ಕೆ ಅನುಕೂಲವಾಗಿರಲಿಲ್ಲ. ಆ ಅಡ್ಡಿ ನಿವಾರಣೆಯಾದದ್ದು 1979ರಲ್ಲಿ.

ಈ ನಂಬಿಕೆಯನ್ನು ಮುರಿದದ್ದು ಪಶ್ಚಿಮ ಜರ್ಮನಿಯ ಔಡಿ ಕಂಪೆನಿ. 1977ರ ಚಳಿಗಾಲದಲ್ಲಿ ಅದರ ಎಂಜಿನಿಯರುಗಳು ಫಿನ್‌ಲೆಂಡಿನ ಹಿಮದಲ್ಲಿ ಹೊಸ ಕಾರುಗಳನ್ನು ಪರೀಕ್ಷಿಸುತ್ತಿದ್ದರು. ಜೊತೆಯಲ್ಲಿ ಸೈನ್ಯಕ್ಕಾಗಿ ತಯಾರಾಗುತ್ತಿದ್ದ ಇಲ್ಟಿಸ್ ಎಂಬ ಒರಟು ವಾಹನವೂ ಇತ್ತು. ಅದರ ಬಲ 75 ಅಶ್ವಶಕ್ತಿ ಮಾತ್ರ. ಆದರೂ ಹಿಮದ ಮೇಲೆ ಅದಕ್ಕಿಂತ ಬಹಳ ಬಲವಾದ ಕಾರುಗಳು ಒದ್ದಾಡುತ್ತಿದ್ದಾಗ ಈ ಒರಟು ಗಾಡಿ ನಿರಾಯಾಸವಾಗಿ ಮುಂದೆ ಹೋಯಿತು. ಯೋರ್ಗ್ ಬೆನ್ಸಿಂಗರ್ ಎಂಬ ಎಂಜಿನಿಯರ್ ಇದನ್ನು ಗಮನಿಸಿದ. ಇದೇ ಏರ್ಪಾಡನ್ನು ವೇಗದ ಕಾರಿನಲ್ಲಿ ಇಟ್ಟರೆ ಏನಾದೀತು ಎಂದು ಕಂಪೆನಿಯ ತಾಂತ್ರಿಕ ಮುಖ್ಯಸ್ಥ ಫರ್ಡಿನಂಡ್ ಪೀಯೆಕ್‌ನನ್ನು ಕೇಳಿದ. ಪೀಯೆಕ್ ಒಪ್ಪಿದ. 1978ರ ಜನವರಿಯಲ್ಲಿ, ಆಸ್ಟ್ರಿಯದ ಟುರಾಖರ್ ಹ್ಯೋಹೆ ಎಂಬ ಕಣಿವೆದಾರಿಯಲ್ಲಿ, ನೂರಕ್ಕೆ 23ರಷ್ಟು ಏರುಳ್ಳ ಹಿಮದ ಹಾದಿಯನ್ನು ಇವರ ಪ್ರಯೋಗದ ಕಾರು ಬೇಸಗೆಯ ಟೈರುಗಳಲ್ಲಿ, ಸರಪಳಿಯ ಸಹಾಯವಿಲ್ಲದೆ ಹತ್ತಿತು.

ಉಳಿದಿದ್ದ ತೊಡಕು ಎರಡು. ಮೊದಲನೆಯದು ತಿರುವಿನ ಸಮಸ್ಯೆ. ಕೈಕೈ ಹಿಡಿದು ಸಾಲಾಗಿ ಸುತ್ತುವ ಮಕ್ಕಳಲ್ಲಿ ಒಳತುದಿಯ ಮಗು ನಿಂತಲ್ಲೇ ತಿರುಗಿದರೆ ಹೊರತುದಿಯ ಮಗು ಓಡಬೇಕಾಗುತ್ತದೆ. ಕಾರಿನ ಗಾಲಿಗಳೂ ಹಾಗೆಯೇ. ತಿರುವಿನಲ್ಲಿ ಮುಂದಿನ ಜೋಡಿ ಹಿಂದಿನ ಜೋಡಿಗಿಂತ ಹೆಚ್ಚು ದೂರ ಸಾಗಬೇಕು. ಎರಡನ್ನೂ ಬಿಗಿಯಾಗಿ ಒಂದಕ್ಕೊಂದು ಕಟ್ಟಿದರೆ ಕಾರು ತಿರುವಿನಲ್ಲಿ ಕುಪ್ಪಳಿಸುತ್ತದೆ. ಆದ್ದರಿಂದ ನಡುವೆ, ಶಕ್ತಿಯನ್ನು ಹಂಚಿಯೂ ವೇಗದ ವ್ಯತ್ಯಾಸಕ್ಕೆ ಎಡೆಕೊಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಬೇಕಾಯಿತು. ಎರಡನೆಯದು ಭಾರದ ಸಮಸ್ಯೆ. ಇದಕ್ಕೆ ಔಡಿಯವರು ಕಂಡುಕೊಂಡ ಪರಿಹಾರ ಬಹು ಸರಳ. ಗೇರುಪೆಟ್ಟಿಗೆಯ ಒಂದು ದಂಡವನ್ನು ಕೊಳವೆಯಂತೆ ಟೊಳ್ಳಾಗಿಸಿದರು. ಶಕ್ತಿ ಆ ಕೊಳವೆಯ ಮೂಲಕ ಹಿಂದಕ್ಕೆ ಹೋಗಿ ಡಿಫರೆನ್ಷಿಯಲ್ಲಿನಲ್ಲಿ ಎರಡು ಪಾಲಾಗುತ್ತಿತ್ತು. ಒಂದು ಪಾಲು ಹಿಂದಿನ ಗಾಲಿಗಳಿಗೆ, ಇನ್ನೊಂದು ಅದೇ ಕೊಳವೆಯೊಳಗಿನ ದಂಡದ ಮೂಲಕ ಮುಂದಿನ ಗಾಲಿಗಳಿಗೆ. ಜೀಪಿನ ಭಾರವಾದ ಪೆಟ್ಟಿಗೆ ಬೇಡವಾಯಿತು. 1980ರ ಮಾರ್ಚ್ ತಿಂಗಳಲ್ಲಿ ಜಿನೀವಾದ ಮೋಟಾರು ಪ್ರದರ್ಶನದಲ್ಲಿ 200 ಅಶ್ವಶಕ್ತಿಯ ಹೊಸ ಕಾರು ಕಾಣಿಸಿಕೊಂಡಿತು. ಹೆಸರು ಕ್ವಾಟ್ರೊ, ಇಟಲಿಯ ಭಾಷೆಯಲ್ಲಿ ನಾಲ್ಕು ಎಂದರ್ಥ.

ಅದೇ ವರ್ಷ ಪೋರ್ಚುಗಲ್ಲಿನ ಆಲ್ಗಾರ್ವೆ ರ‍್ಯಾಲಿಯಲ್ಲಿ ಫಿನ್‌ಲೆಂಡಿನ ಹನ್ನು ಮಿಕ್ಕೊಲ ಈ ಕಾರನ್ನು ಸ್ಪರ್ಧೆಗಿಳಿಸದೆ, ದಾರಿ ತೆರೆಯುವ ಕಾರಾಗಿ ಓಡಿಸಿದ. ಸ್ಪರ್ಧಿಸಿದ್ದರೆ ಅವನು ಸುಮಾರು ಅರ್ಧ ಗಂಟೆಯ ಅಂತರದಿಂದ ಗೆಲ್ಲುತ್ತಿದ್ದನೆಂದು ಗಡಿಯಾರ ಹೇಳಿತು. ಸೆಕೆಂಡುಗಳಲ್ಲಿ ಸೋಲುಗೆಲುವು ತೀರ್ಮಾನವಾಗುವ ಆಟದಲ್ಲಿ ಅರ್ಧ ಗಂಟೆ! 1981ರ ಜನವರಿಯಲ್ಲಿ ಆಸ್ಟ್ರಿಯದ ಫ್ರಾನ್ಸ್ ವಿಟ್‌ಮನ್ ತನ್ನ ನಾಡಿನ ಯಾನರ್ ರ‍್ಯಾಲಿಯಲ್ಲಿ ಕ್ವಾಟ್ರೊಗೆ ಮೊದಲ ಗೆಲುವು ತಂದುಕೊಟ್ಟ. ಅದೇ ತಿಂಗಳ ಮಾಂಟೆ ಕಾರ್ಲೊದಲ್ಲಿ ಮಿಕ್ಕೊಲ ತನಗಿಂತ ಒಂದು ನಿಮಿಷ ಮೊದಲೇ ಹೊರಟಿದ್ದ ಸ್ಟ್ರಾಟೋಸ್ ಕಾರನ್ನು ಹಿಮದ ದಾರಿಯಲ್ಲಿ ಹಿಂದೆ ಹಾಕಿದ. ಆ ಪಂದ್ಯವನ್ನು ಅವನು ಮುಗಿಸಲಿಲ್ಲ, ಅಪಘಾತದಿಂದ ಹೊರಬಿದ್ದ. ಫೆಬ್ರವರಿಯಲ್ಲಿ ಸ್ವೀಡನ್ನಿನ ರ‍್ಯಾಲಿಯನ್ನು ಗೆದ್ದಾಗ ಮಾತ್ರ ಸಂದೇಹಪಡುವವರು ಉಳಿಯಲಿಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಇಟಲಿಯ ಸಾನ್ ರೆಮೊ ರ‍್ಯಾಲಿಯನ್ನು ಫ್ರಾನ್ಸಿನ ಮಿಶೆಲ್ ಮೂಟನ್ ಗೆದ್ದಳು. ವಿಶ್ವಚಾಂಪಿಯನ್‌ಷಿಪ್ಪಿನ ಒಂದು ರ‍್ಯಾಲಿಯನ್ನು ಹೆಣ್ಣೊಬ್ಬಳು ಗೆದ್ದದ್ದು ಅದೇ ಮೊದಲು. ಪಕ್ಕದಲ್ಲಿ ದಾರಿ ಓದುತ್ತಿದ್ದವಳೂ ಹೆಣ್ಣೇ, ಇಟಲಿಯ ಫಾಬ್ರಿಟ್ಸಿಯಾ ಪೋನ್ಸ್. 1982ರಲ್ಲಿ ಮೂಟನ್ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರನ್ನೂ ಗೆದ್ದು ವಿಶ್ವಪದವಿಯ ಹತ್ತಿರ ಬಂದಳು. ಗೆದ್ದದ್ದು ಕಾರು, ಆಕೆಯಲ್ಲ ಎಂದವರೂ ಇದ್ದರು. ಅದೇ ತಂಡದಲ್ಲಿ ಅದೇ ಕಾರನ್ನು ಓಡಿಸಿದ ಮಿಕ್ಕೊಲ ಆ ವರ್ಷದ ಪಟ್ಟಿಯಲ್ಲಿ ಆಕೆಗಿಂತ ಕೆಳಗಿದ್ದ ಎಂಬುದೇ ಆ ಮಾತಿಗೆ ಸಾಕಾದಷ್ಟು ಉತ್ತರ. ಪದವಿ ನಿರ್ಧಾರವಾಗಬೇಕಿದ್ದ ಐವರಿ ಕೋಸ್ಟ್ ರ‍್ಯಾಲಿ ಆರಂಭವಾಗುವ ಹೊತ್ತಿಗೆ ಆಕೆಯ ತಂದೆ ತೀರಿಕೊಂಡ ಸುದ್ದಿ ಬಂತು. ಆದರೂ ಆಕೆ ಹೊರಟಳು, ಬಹುದೂರ ಮುಂದಿದ್ದಳು. ಯಂತ್ರ ಕೈಕೊಟ್ಟಿತು, ಕಡೆಗೆ ಅಪಘಾತವೂ ಆಯಿತು. ಪದವಿ ಜರ್ಮನಿಯ ವಾಲ್ಟರ್ ರೋರ್ಲ್‌ನ ಪಾಲಾಯಿತು.

ಇಲ್ಲೊಂದು ವಿಶೇಷವಿದೆ. ರೋರ್ಲ್ ಗೆದ್ದದ್ದು ಓಪೆಲ್ ಕಂಪೆನಿಯ ಹಿಂಗಾಲಿ ಚಾಲನೆಯ ಕಾರಿನಲ್ಲಿ. ಹಿಂದಿನ ವರ್ಷ ಚಾಲಕರ ಪದವಿ ಗೆದ್ದ ಆರಿ ವಟನೆನ್‌ನದೂ ಹಳೆಯ ಬಗೆಯ ಎಸ್ಕಾರ್ಟೇ. ಹೊಸತು ಬಂದ ಕೂಡಲೆ ಹಳೆಯದು ಸಾಯುವುದಿಲ್ಲ. ಕೆಲವೊಮ್ಮೆ ತನ್ನ ಅತ್ಯುತ್ತಮ ಕೃತಿಯನ್ನು ಆಮೇಲೆ ಕೊಡುತ್ತದೆ. 1983ರಲ್ಲಿ ಇಟಲಿಯ ಲಾನ್ಸಿಯಾ ಕಂಪೆನಿಯ 037 ಎಂಬ ಹಗುರವಾದ, ಎರಡೇ ಗಾಲಿ ದುಡಿಯುವ ಕಾರು ತಯಾರಕರ ವಿಶ್ವಪದವಿಯನ್ನು ಔಡಿಯಿಂದ ಕಸಿದುಕೊಂಡಿತು. ಕ್ವಾಟ್ರೊದ ಎಂಜಿನ್ನು ಮುಂದಿನ ಅಚ್ಚಿಗಿಂತಲೂ ಮುಂದಿದ್ದುದರಿಂದ ಅದರ ಮೂತಿ ಭಾರ, ತಿರುವಿನಲ್ಲಿ ಮೊಂಡಾಟ. ಒಣ ಟಾರಿನ ಮೇಲೆ ಲಾನ್ಸಿಯಾದ ಚುರುಕು ಹೆಚ್ಚು ಬೆಲೆಬಾಳಿತು. ಎರಡು ಗಾಲಿಯ ಕಾರೊಂದು ಆ ಪದವಿ ಪಡೆದದ್ದು ಅದೇ ಕೊನೆ. ಆಫ್ರಿಕಾದಲ್ಲಂತೂ ಹಳೆಯ ಬಗೆಯ ಕಾರುಗಳು ಇನ್ನೂ ಹಲವು ವರ್ಷ ಆಳಿದವು. ಸಫಾರಿ ರ‍್ಯಾಲಿಯನ್ನು 1979ರಿಂದ 1982ರವರೆಗೆ ಸತತವಾಗಿ ನಾಲ್ಕು ಸಲ, ಅದಕ್ಕೆ ಮೊದಲು 1973ರಲ್ಲೊಮ್ಮೆ ಗೆದ್ದ ಭಾರತೀಯ ಮೂಲದ ಶೇಖರ್ ಮೆಹ್ತಾ ಓಡಿಸಿದ್ದು ಹಿಂಗಾಲಿ ಚಾಲನೆಯ ಡಾಟ್ಸನ್ ಕಾರುಗಳನ್ನು. ಸಾವಿರಾರು ಮೈಲಿಯ ಗುಂಡಿ, ಧೂಳುಗಳಲ್ಲಿ ಹಿಡಿತಕ್ಕಿಂತ ತಾಳಿಕೆ ದೊಡ್ಡದು. ನಾಲ್ಕು ಗಾಲಿ ಚಾಲನೆಯ ಕಾರು ಸಫಾರಿಯನ್ನು ಗೆದ್ದದ್ದು 1987ರಲ್ಲಿ. ಚಾಲಕ ಅದೇ ಮಿಕ್ಕೊಲ.

ಆದರೆ ದಿಕ್ಕು ನಿಶ್ಚಯವಾಗಿತ್ತು. 1984ರ ಮಾಂಟೆ ಕಾರ್ಲೊದಲ್ಲಿ ಮೊದಲ ಮೂರು ಸ್ಥಾನಗಳೂ ಔಡಿಗೆ. ಗೆದ್ದವನು ಆ ವರ್ಷ ಅಲ್ಲಿಗೆ ಸೇರಿದ್ದ ರೋರ್ಲ್. ಅದೇ ವರ್ಷ ಫ್ರಾನ್ಸಿನ ಪ್ಯೂಜೊ ಕಂಪೆನಿ ಎಂಜಿನ್ನನ್ನು ಆಸನಗಳ ಹಿಂದಿಟ್ಟು, ಶಕ್ತಿಯನ್ನು ನಾಲ್ಕೂ ಗಾಲಿಗೆ ಹಂಚಿದ 205 ಟರ್ಬೊ 16 ಎಂಬ ಪುಟ್ಟ ಕಾರನ್ನು ತಂದಿತು. ಔಡಿಯ ಹಿಡಿತ, ಲಾನ್ಸಿಯಾದ ಸಮತೋಲ ಎರಡೂ ಇದರಲ್ಲಿ ಕೂಡಿದ್ದವು. 1985 ಮತ್ತು 1986ರ ಪದವಿಗಳು ಪ್ಯೂಜೊಗೆ ಹೋದವು. ಲಾನ್ಸಿಯಾ ಕೂಡ ಹಟ ಬಿಟ್ಟು ಡೆಲ್ಟಾ ಎಸ್4 ಎಂಬ ನಾಲ್ಕು ಗಾಲಿ ಚಾಲನೆಯ ಕಾರನ್ನು ಕಟ್ಟಿತು. 1985ರ ನವೆಂಬರಿನಲ್ಲಿ ಮೊದಲ ಪ್ರವೇಶದಲ್ಲಿಯೇ ಹೆನ್ರಿ ಟೊಯಿವೊನೆನ್ ಅದನ್ನು ಗೆಲ್ಲಿಸಿದ. ಇವೆಲ್ಲ ‘ಗ್ರೂಪ್ ಬಿ’ ಎಂಬ ವರ್ಗದ ಕಾರುಗಳು. 200 ಕಾರು ತಯಾರಿಸಿದರೆ ಆ ವರ್ಗಕ್ಕೆ ಪ್ರವೇಶ. ಮತ್ತೆ ಕೇವಲ 20ನ್ನು ಮಾರ್ಪಡಿಸಿ ಇನ್ನೂ ಬಲವಾದ ರೂಪ ಕೊಡಲು ಅವಕಾಶ. ಸಡಿಲವಾದ ಈ ನಿಯಮದಲ್ಲಿ ಐದಾರು ವರ್ಷಗಳೊಳಗೆ ಅಶ್ವಶಕ್ತಿ 500ರ ಹತ್ತಿರಕ್ಕೆ ಏರಿತು. ಎರಡೇ ಗಾಲಿಗಳಿದ್ದರೆ ಆ ಶಕ್ತಿಯನ್ನು ಜಲ್ಲಿಯ ಮೇಲೆ ಬಳಸಲು ಸಾಧ್ಯವೇ ಇರಲಿಲ್ಲ. ನಾಲ್ಕು ಗಾಲಿಗಳು ಅದಕ್ಕೆ ಬಾಗಿಲು ತೆರೆದವು.

ನಾನು ಮುಖ್ಯವೆಂದು ತಿಳಿದಿರುವ ವಿಷಯ ಇಲ್ಲಿದೆ. ನಾಲ್ಕು ಗಾಲಿ ಚಾಲನೆ ಕಾರನ್ನು ಬೇಗ ಹೊರಡಿಸುತ್ತದೆ, ವೇಗವನ್ನು ಹೆಚ್ಚಿಸುತ್ತದೆ. ಕಾರನ್ನು ನಿಲ್ಲಿಸುವಾಗ ಅದರಿಂದ ಅಂಥ ಪ್ರಯೋಜನವಿಲ್ಲ. ಏಕೆಂದರೆ ಬ್ರೇಕು ಅದಕ್ಕೆ ಬಹಳ ಹಿಂದಿನಿಂದಲೂ ಎಲ್ಲ ಕಾರುಗಳಲ್ಲಿ ನಾಲ್ಕು ಗಾಲಿಗಳಿಗೂ ಇತ್ತು. ಹಳೆಯ ಕಾರಿನಲ್ಲಿ ವೇಗ ಹೆಚ್ಚಿಸಲು ಹೋದಾಗ ಗಾಲಿ ಸುತ್ತುತ್ತಿತ್ತು, ಹಿಂಭಾಗ ಜಾರುತ್ತಿತ್ತು. ಅದು ಚಾಲಕನಿಗೆ ನೆಲ ಹೇಳುತ್ತಿದ್ದ ಮಾತು: ಇಲ್ಲಿ ಹಿಡಿತ ಕಡಿಮೆ, ಸಾಕು ಎಂದು. ಹೊಸ ಏರ್ಪಾಡಿನಲ್ಲಿ ಆ ಮಾತು ಬಹಳ ತಡವಾಗಿ ಕೇಳಿಸತೊಡಗಿತು. ಆ ಹೊತ್ತಿಗೆ ವೇಗ ಎಷ್ಟೋ ಏರಿರುತ್ತಿತ್ತು. ಪಕ್ಕದವನು ಓದುವ ತಿರುವು ಕಿವಿಗೆ ಬೀಳುವಷ್ಟರಲ್ಲಿ ಆ ತಿರುವೇ ಎದುರಿಗೆ ಬಂದಿರುತ್ತಿತ್ತು. ಯಂತ್ರದ ಮಿತಿ ದೂರ ಸರಿಯಿತು. ಮನುಷ್ಯನ ಕಣ್ಣು, ಕಿವಿ, ಕೈಗಳ ಮಿತಿ ಇದ್ದಲ್ಲಿಯೇ ಇತ್ತು. ದಾರಿಯೂ ಹಳೆಯದೇ. ದಾರಿಯ ಅಂಚಿನಲ್ಲಿ, ಕೆಲವೆಡೆ ದಾರಿಯ ಮೇಲೆಯೇ, ಕಾರು ಬಂದಾಗ ಕಡೆಯ ಗಳಿಗೆಯಲ್ಲಿ ಸರಿಯುವ ಪ್ರೇಕ್ಷಕರ ಗುಂಪುಗಳೂ ಹಳೆಯವೇ.

1985ರ ಮೇ 2ರಂದು ಕಾರ್ಸಿಕಾದಲ್ಲಿ ಲಾನ್ಸಿಯಾದ ಆಟಿಲಿಯೊ ಬೆಟ್ಟೆಗ ಮರಕ್ಕೆ ಬಡಿದು ಸತ್ತ. ಅವನದು ಎರಡು ಗಾಲಿಯ 037. ಎಂದರೆ ಸಾವಿಗೆಲ್ಲ ಒಂದು ಯಂತ್ರಭಾಗವನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಹೊಸ ಕಾರುಗಳ ಬೆನ್ನುಹತ್ತಿ ಇಡೀ ಆಟದ ವೇಗವೇ ಏರಿತ್ತು. 1986ರ ಮಾರ್ಚ್ 5ರಂದು ಪೋರ್ಚುಗಲ್ಲಿನ ಸಿಂತ್ರಾ ಬಳಿ, ದಾರಿಯಲ್ಲಿದ್ದ ಜನರನ್ನು ತಪ್ಪಿಸಲು ಹೋಗಿ ಫೋರ್ಡ್ ಆರ್‌ಎಸ್ 200 ಕಾರೊಂದು ಗುಂಪಿನೊಳಕ್ಕೆ ನುಗ್ಗಿತು. ಮೂವರು ಪ್ರೇಕ್ಷಕರು ಸತ್ತರು, ಸುಮಾರು ಮೂವತ್ತು ಮಂದಿ ಗಾಯಗೊಂಡರು. ಕಂಪೆನಿಗಳ ಪ್ರಮುಖ ಚಾಲಕರೆಲ್ಲ ಒಟ್ಟಾಗಿ ಆ ಪಂದ್ಯದಿಂದ ಹಿಂದೆ ಸರಿದರು. ಔಡಿ ಈ ವರ್ಗದ ಪಂದ್ಯಗಳನ್ನೇ ಬಿಟ್ಟಿತು. ಎರಡು ತಿಂಗಳೊಳಗೆ, ಮೇ 2ರಂದು, ಬೆಟ್ಟೆಗ ಸತ್ತ ಒಂದು ವರ್ಷಕ್ಕೆ ಸರಿಯಾಗಿ, ಅದೇ ಕಾರ್ಸಿಕಾದಲ್ಲಿ ಟೊಯಿವೊನೆನ್‌ನ ಡೆಲ್ಟಾ ಎಸ್4 ಎಡತಿರುವೊಂದರಲ್ಲಿ ದಾರಿ ಬಿಟ್ಟು ಕೆಳಗಿನ ಮರಗಳಿಗೆ ಉರುಳಿ ಉರಿದುಹೋಯಿತು. ಅವನೂ ಜೊತೆಯವನಾದ ಸೆರ್ಜಿಯೊ ಕ್ರೆಸ್ಟೊ ಎಂಬಾತನೂ ಉಳಿಯಲಿಲ್ಲ. ಟೊಯಿವೊನೆನ್‌ಗೆ ಆಗ 29 ವರ್ಷ. ಅಂದಿನ ಪಂದ್ಯದಲ್ಲಿ ಮುಂಚೂಣಿಯಲ್ಲಿದ್ದವನು ಅವನೇ. ಕಾರಣ ಇಂದಿಗೂ ನಿರ್ಧಾರವಾಗಿಲ್ಲ. ಹತ್ತಿರದಿಂದ ಕಂಡವರಿಲ್ಲ, ಕಾರಿನಲ್ಲಿ ಪರೀಕ್ಷಿಸಲು ಏನೂ ಉಳಿದಿರಲಿಲ್ಲ. ಕ್ರೀಡೆಯ ಆಡಳಿತ ಮಂಡಳಿಯ ಅಧ್ಯಕ್ಷ ಜಾಂ ಮಾರಿ ಬಾಲೆಸ್ತ್ರ್ ಕೂಡಲೇ, 1987ರಿಂದ ಗ್ರೂಪ್ ಬಿ ಕಾರುಗಳು ಇರಕೂಡದೆಂದು ಸಾರಿದ.

ಗಮನಿಸಬೇಕಾದದ್ದೆಂದರೆ, ನಿಷೇಧವಾದದ್ದು ಮಿತಿಮೀರಿದ ಕಾರುಗಳು. ನಾಲ್ಕು ಗಾಲಿ ಚಾಲನೆಗೆ ಯಾರೂ ತಡೆ ಹಾಕಲಿಲ್ಲ. ಮುಂದೆ ಬಂದ ‘ಗ್ರೂಪ್ ಎ’ ನಿಯಮದಂತೆ ಕಂಪೆನಿಯೊಂದು 5,000 ಕಾರುಗಳನ್ನು ತಯಾರಿಸಬೇಕಾಗಿತ್ತು. ಆಟದಲ್ಲಿ ಗೆಲ್ಲಬೇಕಾದರೆ ಜನ ಕೊಳ್ಳುವಂಥ ಕಾರಿಗೂ ನಾಲ್ಕು ಗಾಲಿಗಳ ಎಳೆತ ಕೊಡಬೇಕಾಯಿತು. ಲಾನ್ಸಿಯಾ ಡೆಲ್ಟಾ 1987ರಿಂದ 1992ರವರೆಗೆ ಸತತವಾಗಿ ಆರು ಸಲ ತಯಾರಕರ ಪದವಿ ಗೆದ್ದಿತು. ಆಮೇಲೆ ಜಪಾನಿನ ಟೊಯೋಟ, ಸುಬಾರು, ಮಿತ್ಸುಬಿಷಿಗಳ ಕಾಲ. ಸೈನ್ಯದ ಗಾಡಿಯಿಂದ ಪಂದ್ಯಕ್ಕೆ ಬಂದ ಏರ್ಪಾಡು ಹೀಗೆ ಸಂಸಾರಸ್ಥರ ಕಾರಿಗೆ ಇಳಿಯಿತು. ಟಾರು ರಸ್ತೆಯಲ್ಲಿ ಮಾತ್ರ ಹಳೆಯದರ ಕಿಡಿ ಆಗೊಮ್ಮೆ ಈಗೊಮ್ಮೆ ಹೊಳೆಯುತ್ತಿತ್ತು. ಕಾರ್ಸಿಕಾವನ್ನು 1987ರಲ್ಲಿಯೂ 1988ರಲ್ಲಿಯೂ ಹಿಂಗಾಲಿ ಚಾಲನೆಯ ಕಾರುಗಳೇ ಗೆದ್ದವು. 1999ರಲ್ಲಿ ಮುಂಗಾಲಿ ಚಾಲನೆಯ ಸಿಟ್ರೊಯೆನ್ ಒಂದು ಸ್ಪೇನನ್ನೂ ಕಾರ್ಸಿಕಾವನ್ನೂ ಗೆದ್ದಿತು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಣ ಮಣ್ಣುದಾರಿಗಳಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ರ‍್ಯಾಲಿ ನಡೆದಾಗ ಅಲ್ಲಿ ಮುಂದಿದ್ದವೂ ನಾಲ್ಕು ಗಾಲಿ ಚಾಲನೆಯ ಕಾರುಗಳೇ. 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಭಾರತೀಯ ಗೌರವ್ ಗಿಲ್ ಓಡಿಸಿದ್ದು ಅಂಥದೇ ಸ್ಕೋಡಾ ಕಾರನ್ನು.

ಹಳೆಯ ರಸಿಕರು ಈಗಲೂ ಒಂದು ಮಾತು ಹೇಳುವುದುಂಟು: ಯಂತ್ರ ಗೆದ್ದಿತು, ಕಲೆ ಸತ್ತಿತು. ಈ ಕೊರಗು ನಮಗೆ ಹೊಸದಲ್ಲ. ನಮ್ಮ ಕಂಪೆನಿ ನಾಟಕಗಳಲ್ಲಿ ಒಂದು ಕಾಲಕ್ಕೆ ಕಡೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹಾಡಬಲ್ಲ ಕಂಠವಿಲ್ಲದೆ ನಟನಿಲ್ಲ. ಧ್ವನಿವರ್ಧಕ ಬಂತು, ಆ ಮಹಾಕಂಠಗಳ ಪರಂಪರೆ ಮಸುಕಾಯಿತು. ಆದರೆ ಪಿಸುಮಾತನ್ನೂ ಅಭಿನಯಿಸಬಹುದೆಂಬುದು ಗೊತ್ತಾದದ್ದು ಆಮೇಲೆಯೇ. ರ‍್ಯಾಲಿಯಲ್ಲಿಯೂ ಹಾಗೆ. ಜಾರಿಸುವ ವಿದ್ಯೆಯ ಬೆಡಗು ಕಡಿಮೆಯಾಯಿತು. ಎಡಗಾಲಿನಿಂದ ಬ್ರೇಕನ್ನು ಮುಟ್ಟುತ್ತಲೇ ಬಲಗಾಲಿನಿಂದ ಶಕ್ತಿ ಕೊಡುವ, ಮೊಂಡುಮೂತಿಯ ಕಾರನ್ನು ತಿರುವಿಗೆ ಮುಂಚೆಯೇ ಒಲಿಸಿಕೊಳ್ಳುವ ವಿದ್ಯೆಗೆ ಬೆಲೆ ಹೆಚ್ಚಿತು. ಮಾಂಟೆ ಕಾರ್ಲೊವನ್ನು ನಾಲ್ಕು ಸಲ ನಾಲ್ಕು ಬೇರೆ ಬೇರೆ ಕಂಪೆನಿಗಳ ಕಾರುಗಳಲ್ಲಿ ಗೆದ್ದ ರೋರ್ಲ್‌ನಂಥವನಿಗೆ ಎರಡು ಗಾಲಿಯೂ ಸರಿ, ನಾಲ್ಕು ಗಾಲಿಯೂ ಸರಿ. ಕಲೆ ಸಾಯಲಿಲ್ಲ, ಅದರ ಮನೆ ಬದಲಾಯಿತು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಗಾಲಿಗೆ ಹಿಡಿತ ದೊರೆತ ಕೂಡಲೆ ಮನುಷ್ಯ ಆ ಲಾಭವನ್ನು ಸುರಕ್ಷತೆಗೆಂದು ಇಟ್ಟುಕೊಳ್ಳಬಹುದಾಗಿತ್ತು. ಅವನು ಅದನ್ನೆಲ್ಲ ವೇಗಕ್ಕೆ ವೆಚ್ಚ ಮಾಡಿದ. ಸಾಲದೆಂದು ಸಾಲವನ್ನೂ ತೆಗೆದ. ಆ ಸಾಲ ತೀರಿದ್ದು ಸಿಂತ್ರಾದಲ್ಲಿ, ಕಾರ್ಸಿಕಾದಲ್ಲಿ. ಟೊಯಿವೊನೆನ್‌ನ ನೆನಪಿಗಾಗಿ 1988ರಲ್ಲಿ ಚಾಂಪಿಯನ್ನರ ಪಂದ್ಯವೊಂದನ್ನು ಆರಂಭಿಸಿದವರಲ್ಲಿ ಮಿಶೆಲ್ ಮೂಟನ್ ಒಬ್ಬಳು. ಮುಂದೆ ಆಕೆ ವಿಶ್ವ ರ‍್ಯಾಲಿಯ ಸುರಕ್ಷತೆಯ ಕೆಲಸದಲ್ಲಿಯೂ ತೊಡಗಿದಳು. ಆ ಹಿಡಿತದ ರುಚಿಯನ್ನು ಎಲ್ಲರಿಗಿಂತ ಚೆನ್ನಾಗಿ ಕಂಡಿದ್ದವಳು, ಅದರ ಬೆಲೆಯನ್ನೂ ಕಂಡಿದ್ದಳು. ಮಳೆಗಾಲದ ಘಾಟಿಯಲ್ಲಿ ಹೊಸ ಕಾರಿನ ನಾಲ್ಕೂ ಗಾಲಿಗಳನ್ನು ನಂಬಿ ನುಗ್ಗುವ ನಮ್ಮ ತರುಣರು, ಏರನ್ನು ಹತ್ತಿಸುವ ಏರ್ಪಾಡು ಇಳಿಜಾರಿನ ತಿರುವಿನಲ್ಲಿ ಕಾರನ್ನು ತಡೆದು ನಿಲ್ಲಿಸಲಾರದೆಂಬ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ, ದೂರದ ದೇಶಗಳ ಈ ಕಥೆಯನ್ನು ಹೇಳಿದ್ದು ಸಾರ್ಥಕ.

(ಬಾನುಲಿ ಭಾಷಣ)